ಸಾಗರ ಸೀಮೆಯಲ್ಲಿ ಮೂರು ದಿನ: ಚಿತ್ತಾರ, ಕೆತ್ತನೆ, ನೇಯ್ಗೆಯ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನೂ ನನ್ನ ತಂಗಿಯೂ ನಿವೃತ್ತ ಶಿಕ್ಷಕಿಯರು. ರಂಗೋಲಿ, ಕಸೂತಿಗಳಲ್ಲಿ ಮೊದಲಿನಿಂದಲೂ ಆಸಕ್ತಿ. ಸಾಗರದ ಕಡೆ ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನೂ, ಮರಗೆತ್ತನೆಯ ಕುಲಕಸುಬಿನ ಗುಡಿಗಾರರ ಗಂಧದ ಕೆತ್ತನೆಯನ್ನೂ ಮಾಡುವವರ ಮನೆಯಲ್ಲೇ ಕುಳಿತು ನೋಡಬೇಕೆಂಬ ಆಸೆಯಿದೆ. ಪ್ರವಾಸ ಏರ್ಪಡಿಸುವವರೊಬ್ಬರು ಎರಡು ದಿನಗಳಲ್ಲಿ ಒಂಬತ್ತು ಸ್ಥಳ ತೋರಿಸುತ್ತೇವೆ, ಜೊತೆಗೆ ಮಾರ್ಗದರ್ಶಿಯೂ ಇರುತ್ತಾರೆ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ?
– ನಿವೃತ್ತ ಶಿಕ್ಷಕಿ, ತುಮಕೂರು

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. ಒಂಬತ್ತು ಸ್ಥಳಗಳ ಪಟ್ಟಿಯಲ್ಲಿ ಕರಕುಶಲಿಗಳ ಮನೆಗೆ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಅದರಲ್ಲಿ ಕಾಫಿ, ಫೋಟೊ, ಖರೀದಿ ಕಳೆದರೆ ಕೆಲಸ ನೋಡಲು ಉಳಿಯುವುದು ಹತ್ತು ನಿಮಿಷ. ತಮ್ಮ ಆಸಕ್ತಿಗೆ ಸ್ಥಳಗಳನ್ನು ಮೂರು ನಾಲ್ಕಕ್ಕೆ ಇಳಿಸಿ, ದಿನಗಳನ್ನು ಮೂರಕ್ಕೆ ಏರಿಸಿ, ಸಾಗರದಲ್ಲೋ ಹತ್ತಿರದ ಹೆಗ್ಗೋಡಿನ ಆಸುಪಾಸಿನ ಒಂದು ಹೋಂ ಸ್ಟೇಯಲ್ಲೋ ಉಳಿದುಕೊಳ್ಳುವುದೇ ಸರಿಯಾದ ದಾರಿ. ತಾಳಗುಪ್ಪಕ್ಕೆ ಹೋಗುವ ರಾತ್ರಿಯ ರೈಲು ತಮ್ಮ ಊರಿನ ಮೇಲೆಯೇ ಹಾದುಹೋಗುತ್ತದೆ. ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಇಡೀ ದಿನ ಕೈಯಲ್ಲಿರುತ್ತದೆ.

ಮೊದಲ ದಿನವನ್ನು ಕೆಳದಿ ಮತ್ತು ಇಕ್ಕೇರಿಗೆ ಕೊಡಿ. ಎರಡೂ ಸಾಗರದಿಂದ ಕೆಲವೇ ಕಿಲೋಮೀಟರ್ ದೂರದ ಊರುಗಳು, ಎರಡೂ ಕೆಳದಿ ನಾಯಕರ ರಾಜಧಾನಿಗಳಾಗಿದ್ದವು. ಮುಂದೆ ರಾಜಧಾನಿ ಬಿದನೂರಿಗೆ ಹೋಯಿತು, 1763ರಲ್ಲಿ ಹೈದರಾಲಿ ಅದನ್ನು ಗೆದ್ದುಕೊಂಡ. ಈ ಚರಿತ್ರೆಯನ್ನು ಮಾರ್ಗದರ್ಶಿ ಹೇಗೂ ಹೇಳುತ್ತಾರೆ. ತಾವು ನೋಡಬೇಕಾದದ್ದು ಕೆಳದಿಯ ದೇವಾಲಯದ ಒಳಛಾವಣಿಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು. ಎರಡು ತಲೆಯ ಆ ಹಕ್ಕಿಯ ರೆಕ್ಕೆ, ಕೊಕ್ಕು, ಉಗುರುಗಳನ್ನು ಕಲ್ಲಿನಲ್ಲಿ ಹೇಗೆ ಸಮತೋಲನಗೊಳಿಸಿದ್ದಾರೆ ಎಂಬುದನ್ನು ಕತ್ತು ನೋಯುವಷ್ಟು ಹೊತ್ತು ನೋಡಿಟ್ಟುಕೊಳ್ಳಿ. ಅದೇ ಗಂಡಭೇರುಂಡ ಗುಡಿಗಾರರ ಮನೆಯಲ್ಲಿ ಅಂಗೈಯಗಲದ ಗಂಧದ ತುಂಡಿನಲ್ಲಿ ಎದುರಾದಾಗ ಕಣ್ಣಿಗೆ ಹೋಲಿಕೆಯ ನೆಲೆ ಸಿಕ್ಕಿರುತ್ತದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಸಂಜೆಯ ಬೆಳಕಿನಲ್ಲಿ ಹೋಗುವುದು ಒಳ್ಳೆಯದು.

ಎರಡನೆಯ ದಿನವಿಡೀ ಒಂದೇ ಮನೆಗೆ, ಚಿತ್ತಾರ ಬರೆಯುವ ದೀವರ ಸಮುದಾಯದ ಕುಟುಂಬವೊಂದಕ್ಕೆ ಮೀಸಲಿರಲಿ. ಮೂರನೆಯ ದಿನ ಬೆಳಗ್ಗೆ ಗುಡಿಗಾರರ ಕೆಲಸದ ಮನೆ, ಮಧ್ಯಾಹ್ನ ಹೆಗ್ಗೋಡಿನ ಕೈಮಗ್ಗ, ರಾತ್ರಿ ಮರಳುವ ರೈಲು.

ಒಂದೇ ಮನೆಗೆ ಇಡೀ ದಿನ ಏಕೆ ಎಂದು ತಮ್ಮ ತಂಗಿ ಕೇಳಬಹುದು. ಹಸೆ ಚಿತ್ತಾರ ಬರೆಯುವ ಕ್ರಮದಲ್ಲೇ ಅದಕ್ಕೆ ಉತ್ತರವಿದೆ. ಮದುವೆಯಲ್ಲಿ ಹೆಣ್ಣುಗಂಡು ಕೂರುವ ಹಸೆಯ ಹಿಂದಿನ ಗೋಡೆಗೆ ಮೊದಲು ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ ಬಣ್ಣ. ಅದೇ ಅಕ್ಕಿಯನ್ನು ಕರಕಲಾಗುವ ತನಕ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕೆಂಪು ಹೇಗೂ ಮಣ್ಣಿನದೇ. ಕುಂಚ ಪುಂಡಿ ನಾರಿನದು, ತೆಳು ಗೆರೆಗೆ ಒಂದು, ದಪ್ಪ ಗೆರೆಗೆ ಇನ್ನೊಂದು. ಬರೆಯುವಾಕೆ ಕುಂಚವನ್ನು ಬೆರಳ ತುದಿಯಲ್ಲಿ ಹಿಡಿದು, ಹೆಚ್ಚಾದ ಹಿಟ್ಟನ್ನು ಬಟ್ಟಲಿನ ಅಂಚಿಗೆ ಒರೆಸಿ, ಮಣಿಕಟ್ಟನ್ನು ಅಲುಗಿಸದೆ ಇಡೀ ತೋಳನ್ನೇ ಎಳೆದುಕೊಂಡು ಹೋಗುತ್ತಾಳೆ. ಅಳತೆಪಟ್ಟಿಯ ಸಹಾಯವಿಲ್ಲದೆ ಮೊಳದುದ್ದದ ಗೆರೆ ನೇರವಾಗಿ ಬರುತ್ತದೆ. ಆದರೆ ಹಸಿ ಅಕ್ಕಿಹಿಟ್ಟಿನ ಗೆರೆ ಎಳೆದ ಕೂಡಲೇ ಬೆಳ್ಳಗೆ ಕಾಣುವುದಿಲ್ಲ. ಕೆಮ್ಮಣ್ಣಿನ ಮೇಲೆ ನೀರಿನ ಪಸೆಯಂತೆ ಮಂಕಾಗಿರುತ್ತದೆ, ಆರುತ್ತಾ ಬಂದ ಹಾಗೆ ಬಿಳುಪು ಏರುತ್ತದೆ. ಹಾಗಾಗಿ ಬರೆಯುವಾಕೆ ತಾನು ಎಳೆದದ್ದನ್ನು ಪೂರ್ತಿ ಕಾಣದೆಯೇ ಪಕ್ಕದ ಗೆರೆಯನ್ನು ಎಳೆಯುತ್ತಿರುತ್ತಾಳೆ. ಮುಕ್ಕಾಲು ಗಂಟೆಯಲ್ಲಿ ಎದ್ದುಹೋಗುವ ಪ್ರವಾಸಿಗೆ ಕಾಣುವುದು ಒದ್ದೆ ಗೋಡೆ ಮಾತ್ರ.

ರಂಗೋಲಿ ಬಲ್ಲ ತಮಗೆ ಚಿತ್ತಾರದ ಲೆಕ್ಕ ಬೇಗ ಹಿಡಿತಕ್ಕೆ ಬರುತ್ತದೆ. ಮೊದಲು ಹೊರಚೌಕಟ್ಟು, ಆ ಬಳಿಕ ಅದರೊಳಗೆ ಸಾಲುಸಾಲು ಗೆರೆಗಳ ಪಟ್ಟಿಗಳು, ನಟ್ಟನಡುವೆ ಹೆಣ್ಣುಗಂಡು. ಮನುಷ್ಯಾಕೃತಿಗಳಿಗೆ ಕಣ್ಣು, ಮೂಗು, ಬಾಯಿ ಬರೆಯುವ ರೂಢಿಯಿಲ್ಲ. ಗೆರೆ ಮತ್ತು ತ್ರಿಕೋನಗಳಲ್ಲೇ ಮೈ ಮೂಡುತ್ತದೆ. ಸುತ್ತ ಬಾಸಿಂಗ, ದಂಡಿಗೆ (ಪಲ್ಲಕ್ಕಿ), ತೇರು, ಹಕ್ಕಿ, ಗಿಡಬಳ್ಳಿಗಳು ಬರುತ್ತವೆ. ಪಟ್ಟಿಗಳಿಗೆ ಒಂದೊಂದಕ್ಕೂ ಹೆಸರಿದೆ, ಊರಿಂದ ಊರಿಗೆ ಹೆಸರು ವ್ಯತ್ಯಾಸವಾಗುವುದೂ ಉಂಟು. ಆದ್ದರಿಂದ ಪುಸ್ತಕದ ಹೆಸರನ್ನು ಹೇಳಿ ತಿದ್ದಲು ಹೋಗದೆ, ‘ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ ಅಮ್ಮ?’ ಎಂದು ಕೇಳಿ ಬರೆದುಕೊಳ್ಳಿ. ಬರೆಯುವಾಗ ಹಾಡುವ ಹಾಡುಗಳೂ ಇವೆ. ಹಿರಿಯರು ಯಾರಾದರೂ ಮನೆಯಲ್ಲಿದ್ದರೆ ಕೇಳಿಸಿಕೊಳ್ಳುವ ಭಾಗ್ಯ ಒದಗೀತು. ಹಾಡಿಸಲೇಬೇಕೆಂಬ ಹಟ ಬೇಡ.

ಪ್ರಶ್ನೆ: ಮಳೆಗಾಲದಲ್ಲಿ ಮಲೆನಾಡು ಚೆನ್ನ ಎನ್ನುತ್ತಾರೆ. ಕಲೆಗಳನ್ನು ನೋಡುವುದಕ್ಕೂ ಅದೇ ಕಾಲ ಒಳ್ಳೆಯದೇ?
– ಗೃಹಿಣಿ, ದಾವಣಗೆರೆ

ಉತ್ತರ: ಕಾಡು ನೋಡುವುದಕ್ಕೆ ಚೆನ್ನ, ಕಲೆ ನೋಡುವುದಕ್ಕೆ ಅಷ್ಟಕ್ಕಷ್ಟೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆ ಕೆಲಸದ ಒತ್ತಡ, ಒಣಗದ ಗೋಡೆ, ಮೇಲಾಗಿ ಕಾಲಿಗೆ ಹತ್ತುವ ಇಂಬಳ, ಅಂದರೆ ಜಿಗಣೆ. ಈ ಸೀಮೆಯ ಅಲಂಕಾರ ಕಲೆ ತನ್ನದೇ ಪಂಚಾಂಗವನ್ನು ಇಟ್ಟುಕೊಂಡಿದೆ. ನಮ್ಮ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.

ನನ್ನನ್ನು ಕೇಳಿದರೆ ವರ್ಷದ ಅತ್ಯುತ್ತಮ ವಾರ ವಿಜಯದಶಮಿಗೂ ಸೀಗೆ ಹುಣ್ಣಿಮೆಗೂ ನಡುವಿನದು. ಸೀಗೆ ಹುಣ್ಣಿಮೆಯೆನ್ನುವ ಆಶ್ವಯುಜ ಶುದ್ಧ ಹುಣ್ಣಿಮೆಯನ್ನೇ ಇಲ್ಲಿ ಭೂಮಿ ಹುಣ್ಣಿಮೆ ಎಂದು ಆಚರಿಸುತ್ತಾರೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತು ಅದು. ಬಸುರಿ ಭೂಮಿತಾಯಿಗೆ ಬಯಕೆಯೂಟ ಬಡಿಸುವುದು ಹಬ್ಬದ ತಿರುಳು. ಊಟ ಹೊರುವ ಭೂಮಣ್ಣಿ ಬುಟ್ಟಿಗೆ ಮೊದಲೇ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಬಿದಿರ ಹೆಣಿಗೆಯ ಉಬ್ಬುತಗ್ಗುಗಳನ್ನು ಸಗಣಿ ತುಂಬಿ ಸಮ ಮಾಡುತ್ತದೆ. ಆದರೂ ಬುಟ್ಟಿ ದುಂಡಗಿರುವುದರಿಂದ ಗೋಡೆಯ ಮೇಲೆ ನೇರ ನಿಲ್ಲುವ ಗೆರೆ ಇಲ್ಲಿ ಬಾಗಬೇಕು, ಬುಡದಲ್ಲಿ ಕಿರಿದಾಗಿ ಬಾಯಿಯತ್ತ ಹಿಗ್ಗಬೇಕು. ಸುತ್ತು ಬಂದ ಪಟ್ಟಿ ಹೊರಟಲ್ಲಿಗೇ ಬಂದು ಸೇರುವಾಗ ಮಾದರಿಯ ಒಂದು ಮನೆಯೂ (ಚೌಕವೂ) ಹೆಚ್ಚುಕಡಿಮೆಯಾಗಬಾರದು. ಇದನ್ನು ನೋಡಿದ ಮೇಲೆ ಗೋಡೆಯ ಚಿತ್ತಾರವೇ ಸುಲಭವೆನಿಸುತ್ತದೆ.

ಹಬ್ಬದ ದಿನ ನಸುಕಿನಲ್ಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಾರೆ, ಬಗೆಬಗೆಯ ಸೊಪ್ಪು ಬೆರೆಸಿದ ಹಚ್ಚಂಬಲಿಯನ್ನು ಬೀರುತ್ತಾರೆ, ಪೂಜೆಯ ನಂತರ ಗದ್ದೆಯ ಬದುವಿನಲ್ಲೇ ಊಟ. ಅಂದು ತಾವು ಪ್ರವಾಸಿಗರಾಗಿ ಹೋಗಬೇಡಿ, ಯಾರಾದರೂ ಕರೆದರೆ ನೆಂಟರಾಗಿ ಹೋಗಿ. ಕರೆ ಬರದಿದ್ದರೂ ನಷ್ಟವಿಲ್ಲ, ಏಕೆಂದರೆ ಬುಟ್ಟಿ ಸಿದ್ಧಗೊಳ್ಳುವುದು ಅದರ ಹಿಂದಿನ ದಿನಗಳಲ್ಲಿ, ಹಗಲು ಹೊತ್ತಿನಲ್ಲಿ, ಜಗಲಿಯ ಮೇಲೆ.

ಮದುವೆಯ ಚಿತ್ತಾರ ನೋಡಬೇಕಾದರೆ ಸುಗ್ಗಿ ಮುಗಿದ ಮೇಲೆ, ಫೆಬ್ರುವರಿಯಿಂದ ಮೇ ತನಕ ಹೋಗಬೇಕು. ಸಿಮೆಂಟು ಗೋಡೆಗಳು ಬಂದ ಮೇಲೆ ಹಲವು ಮನೆಗಳಲ್ಲಿ ಹಸೆಗೋಡೆಯ ಜಾಗಕ್ಕೆ ಬಟ್ಟೆ, ಕಾಗದ, ಹಲಗೆಗಳು ಬಂದಿವೆ ಎಂಬುದನ್ನು ಮೊದಲೇ ತಿಳಿದು ಹೋದರೆ ನಿರಾಶೆಯಾಗುವುದಿಲ್ಲ.

ಪ್ರಶ್ನೆ: ಮಾರ್ಗದರ್ಶಿಯನ್ನು ಹೇಗೆ ಆರಿಸಬೇಕು? ಮನೆಯವರಿಗೆ ಹಣ ಕೊಡುವುದು ಅವಮಾನವಾದೀತೇ? ಫೋಟೊ ತೆಗೆಯಬಹುದೇ?
– ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಕಾರು ಓಡಿಸುತ್ತಾ ದೇವಾಲಯದ ಕತೆ ಹೇಳುವವರು ಬೇರೆ, ಈ ಕೆಲಸಕ್ಕೆ ಬೇಕಾದ ಮಾರ್ಗದರ್ಶಿ ಬೇರೆ. ಆ ಸೀಮೆಯವರೇ ಆಗಿರಬೇಕು, ಆ ಮನೆಗಳಲ್ಲಿ ಅವರಿಗೆ ಬಳಕೆಯಿರಬೇಕು, ಹೋಗುವ ಮುನ್ನ ಫೋನ್ ಮಾಡಿ ‘ನಾಳೆ ಬಿಡುವಿದೆಯೇ ಅಕ್ಕ?’ ಎಂದು ಕೇಳುವ ಸೌಜನ್ಯವಿರಬೇಕು. ಊರಿನ ಶಾಲೆಯ ಮೇಷ್ಟ್ರು, ಹೋಂ ಸ್ಟೇ ನಡೆಸುವವರು, ಚಿತ್ತಾರ ಕಲಿಸುವ ಶಿಬಿರಗಳಲ್ಲಿ ತೊಡಗಿರುವವರು ಇವರ ಮೂಲಕ ವಿಚಾರಿಸಿದರೆ ಇಂಥವರು ಸಿಗುತ್ತಾರೆ. ಒಪ್ಪಂದಕ್ಕೆ ಮುನ್ನ ಒಂದು ಪ್ರಶ್ನೆ ಕೇಳಿ ನೋಡಿ: ನಾವು ಕೊಡುವ ಹಣದಲ್ಲಿ ಚಿತ್ತಾರ ಬರೆಯುವಾಕೆಗೆ ಎಷ್ಟು ಸೇರುತ್ತದೆ? ಉತ್ತರ ಸ್ಪಷ್ಟವಾಗಿ ಬಾರದಿದ್ದರೆ ಬೇರೆಯವರನ್ನು ಹುಡುಕಿ.

ಹಣ ಕೊಡುವುದು ಅವಮಾನವಲ್ಲ, ಕೊಡದೆ ಬರುವುದು ಅವಮಾನ. ಆಕೆ ತಮಗಾಗಿ ಅಕ್ಕಿ ನೆನೆಸಿ, ಅರೆದು, ಕೆಮ್ಮಣ್ಣು ಕದಡಿ ಅರ್ಧ ದಿನ ಕೂತಿರುತ್ತಾಳೆ. ಆ ಊರಿನಲ್ಲಿ ಅಂದಿನ ಅಡಿಕೆ ಕೆಲಸಕ್ಕೆ ಸಿಗುತ್ತಿದ್ದ ಕೂಲಿಗಿಂತ ಕಡಿಮೆಯಾಗದಂತೆ, ಕೌಶಲಕ್ಕೆ ಪ್ರತ್ಯೇಕವಾಗಿ ಮತ್ತಷ್ಟು ಸೇರಿಸಿ, ಮೊತ್ತವನ್ನು ಮೊದಲೇ ಮಾತಾಡಿಕೊಳ್ಳಿ. ಹಣ ನೇರವಾಗಿ ಆಕೆಯ ಕೈಗೇ ಸೇರಲಿ. ಊಟ ಹಾಕಿದರೆ ಅದರ ಲೆಕ್ಕ ಬೇರೆ ಎಂದುಕೊಂಡರೂ, ಅಕ್ಕಿಯ ಕಡುಬಿಗೆ ದರ ಕೇಳುವ ಒರಟುತನ ಬೇಡ. ಹೊರಡುವಾಗ ಮನೆಯ ಮಕ್ಕಳಿಗೆ ಹಣ್ಣೋ ಪುಸ್ತಕವೋ ಕೊಟ್ಟರೆ ಸಾಕು.

ಗುಂಪಿನಲ್ಲಿ ಆರು ಜನಕ್ಕಿಂತ ಹೆಚ್ಚು ಬೇಡ, ಜಗಲಿಯಲ್ಲಿ ಅಷ್ಟೇ ಜನ ನೆಮ್ಮದಿಯಾಗಿ ಕೂರಬಹುದು. ಫೋಟೊ ಮನೆಯವರನ್ನು ಕೇಳಿಯೇ ತೆಗೆಯಬೇಕು, ದೇವರ ಕೋಣೆಯತ್ತ ಕ್ಯಾಮೆರಾ ತಿರುಗಿಸಬಾರದು. ಹಳೆಯ ಚಿತ್ತಾರವನ್ನು ಅಳಿಸಿ ಹೊಸತು ಬರೆದು ತೋರಿಸಿ ಎಂದು ಕೇಳುವವರೂ ಇದ್ದಾರೆ. ಆ ಗೋಡೆಯ ಮೇಲಿರುವುದು ಆ ಮನೆಯ ಯಾರದೋ ಮದುವೆಯ ಗುರುತು ಎಂಬ ಅರಿವಿದ್ದರೆ ಅಂಥ ಮಾತು ಬಾಯಿಗೆ ಬಾರದು. ಕಲಿಯಬೇಕೆನ್ನುವವರು ಕೆಮ್ಮಣ್ಣು ಬಳಿದ ಒಂದು ಹಲಗೆಯ ಮೇಲೆ ಕಲಿಯಬಹುದು.

ಪ್ರಶ್ನೆ: ಗುಡಿಗಾರರಲ್ಲಿ ಶ್ರೀಗಂಧದ ಮೂರ್ತಿ ಕೊಳ್ಳುವಾಗ ಅದು ಅಸಲಿ ಎಂದು ತಿಳಿಯುವುದು ಹೇಗೆ? ಅದರ ಬೆಲೆ ಅಷ್ಟು ಹೆಚ್ಚೇಕೆ?
– ಔಷಧ ಅಂಗಡಿ ಮಾಲೀಕ, ಹಾಸನ

ಉತ್ತರ: ಗಂಧದ ಮರದಲ್ಲಿ ಪರಿಮಳವಿರುವುದು ಒಳಗಿನ ಚೇಗಿನಲ್ಲಿ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆಯಿಲ್ಲ. ಚೇಗು ಕೂಡಿಬರಲು ಮರಕ್ಕೆ ಹಲವು ವರ್ಷ ಬೇಕು, ಬಲಿತ ಮರವನ್ನು ಕಳ್ಳರಿಂದ ಉಳಿಸಿಕೊಳ್ಳುವುದು ಇನ್ನೊಂದು ಪಾಡು. ಹೀಗಾಗಿ ಕುಶಲಿಗಳಿಗೆ ಕಚ್ಚಾ ಮರ ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಗಗನದಲ್ಲಿ. ಇದರಿಂದಾಗಿ ಸಾಗರ, ಸೊರಬಗಳ ಗುಡಿಗಾರರು ಈಗ ಶಿವನೆ, ತೇಗದಂಥ ಮರಗಳಲ್ಲೂ ಹೆಚ್ಚು ಕೆಲಸ ಮಾಡುತ್ತಾರೆ. ಇದರಲ್ಲಿ ಮೋಸವಿಲ್ಲ, ಶಿವನೆಯನ್ನು ಶಿವನೆಯೆಂದೇ ಹೇಳಿ ಮಾರುತ್ತಾರೆ. ಮೋಸ ನಡೆಯುವುದು ಅಗ್ಗದ ಬಿಳಿಮರಕ್ಕೆ ಗಂಧದೆಣ್ಣೆ ಸವರಿ ಹೆದ್ದಾರಿಯ ಅಂಗಡಿಗಳಲ್ಲಿ ಮಾರುವಾಗ. ಮೇಲ್ಮೈಯಲ್ಲಿ ವಾಸನೆ ಮೂಗಿಗೆ ಹೊಡೆಯುವಂತಿದ್ದು, ಪೀಠದ ಅಡಿಭಾಗವನ್ನು ಮರಳುಕಾಗದದಿಂದ ಕೊಂಚ ಉಜ್ಜಿದಾಗ ವಾಸನೆ ಕುಗ್ಗಿದರೆ ಅನುಮಾನಿಸಿ. ಅಸಲಿ ಚೇಗಿನ ಪರಿಮಳ ಮೆಲುವಾಗಿದ್ದು, ಉಜ್ಜಿದಷ್ಟೂ ಹೊಸದಾಗಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಬಿಲ್ ಇಲ್ಲದೆ ಗಂಧದ ವಸ್ತುವನ್ನು ಕೊಳ್ಳಲೇಬೇಡಿ. ಮನೆಯಲ್ಲಿ ಕೊಂಡರೂ ಸರಿ, ರಾಜ್ಯ ಕರಕುಶಲ ನಿಗಮದ ಕಾವೇರಿ ಮಳಿಗೆಯಲ್ಲಿ ಕೊಂಡರೂ ಸರಿ.

ಆದರೆ ತಮ್ಮ ಪ್ರಶ್ನೆ ಮರದ ಬಗ್ಗೆಯೇ ನಿಂತುಬಿಟ್ಟಿತು. ಬೆಲೆಯ ಅರ್ಧದಷ್ಟಾದರೂ ಕೈಕೆಲಸಕ್ಕೆ ಸಲ್ಲಬೇಕಾದದ್ದು. ಕೆಲಸದ ಮನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಗೊತ್ತಾಗುತ್ತದೆ. ನೆಲದ ಮೇಲೆ ಮಣೆ ಹಾಕಿ ಕೂತ ಕುಶಲಿ ಮರದ ತುಂಡಿನ ಮೇಲೆ ಮೊದಲು ಗೆರೆಯ ನಕ್ಷೆ ಬರೆದು, ಬೇಡದ ಭಾಗವನ್ನು ಗರಗಸದಿಂದ ತೆಗೆದು, ದಪ್ಪ ಉಳಿಯಿಂದ ಆಕಾರ ಹೊರಡಿಸಿ, ಆಮೇಲೆ ಒಂದಕ್ಕಿಂತ ಒಂದು ಸಪೂರವಾದ ಉಳಿಗಳಿಗೆ ಇಳಿಯುತ್ತಾನೆ. ಅಂಬಾರಿ ಆನೆಯ ಮೇಲಿನ ಜೂಲಿನಲ್ಲಿ ಕುಸುರಿ ತೆಗೆಯುವ ಉಳಿಯ ಬಾಯಿ ಅಕ್ಕಿಕಾಳಿಗಿಂತ ಅಗಲವಿರುವುದಿಲ್ಲ. ಆ ಹಂತದಲ್ಲಿ ಕೊಡತಿಯನ್ನು (ಮರದ ಸುತ್ತಿಗೆಯನ್ನು) ಬದಿಗಿಟ್ಟು, ಅಂಗೈಯ ಒತ್ತಿನಿಂದಲೇ ಉಳಿಯನ್ನು ನೂಕುತ್ತಾರೆ. ಉಳಿ ಜಾರಿದರೆ ಅಷ್ಟು ದಿನದ ಕೆಲಸ ಹೋದಂತೆ. ನನಗಂತೂ ಗಂಧದ ದೊಡ್ಡ ಮೂರ್ತಿಗಿಂತ ಶಿವನೆ ಮರದ ಒಂದು ಚಿಕ್ಕ ಜಾಲಂದ್ರ ಕೆಲಸದ ಹಲಗೆಯೇ ಹೆಚ್ಚು ಬೆಲೆಬಾಳುವ ವಸ್ತುವಾಗಿ ಕಾಣುತ್ತದೆ. ಪರಿಮಳದ ಮರೆಯಿಲ್ಲದ ಕಡೆ ಕೈಯ ಹದ ಬೇಗ ಬಯಲಾಗುತ್ತದೆ.

ಗುಡಿಗಾರರಿಗೆ ಇನ್ನೊಂದು ಹಳೆಯ ಕೆಲಸವೂ ಇದೆ. ಕೆರೆಯಲ್ಲಿ ಬೆಳೆಯುವ ಬೆಂಡಿನ ಗಿಡದ ಹಗುರ ತಿರುಳನ್ನು ತೆಳ್ಳಗೆ ಸೀಳಿ, ಕತ್ತರಿಸಿ ಮದುವೆಯ ಬಾಸಿಂಗ ಕಟ್ಟುವವರು ಅವರೇ. ಹಿಂದಿನ ದಿನ ಹಸೆ ಚಿತ್ತಾರದಲ್ಲಿ ಗೆರೆಯಾಗಿ ಕಂಡ ಬಾಸಿಂಗ ಇಲ್ಲಿ ಬಿಳಿ ಬೆಂಡಿನ ಹೂವುಗಳಾಗಿ ಕಾಣುತ್ತದೆ. ಕೇಳಿದರೆ ತೋರಿಸುತ್ತಾರೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಪ್ರಶ್ನೆ: ಹೆಗ್ಗೋಡಿನಲ್ಲಿ ಅಡಿಕೆಯಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆಂದು ಕೇಳಿದ್ದೇನೆ. ನಿಜವೇ?
– ಹೊಲಿಗೆ ತರಬೇತಿ ಕೇಂದ್ರದ ಓದುಗರು, ಧಾರವಾಡ

ಉತ್ತರ: ನಿಜ. ಹೆಗ್ಗೋಡನ್ನು ನಾಟಕದ ಊರಾಗಿಸಿದ ನೀನಾಸಂ ಎಂಬ ರಂಗಸಂಸ್ಥೆ ಹುಟ್ಟಿದ್ದು 1949ರಲ್ಲಿ. ಅದೇ ಪರಿಸರದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದದ್ದು ಚರಕ ಎಂಬ ಮಹಿಳೆಯರ ಕೈಮಗ್ಗ ಸಹಕಾರ ಸಂಘ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಕಂದು ರಸವೇ ಚೊಗರು. ಅದರಲ್ಲಿರುವ ಒಗರಿನ ಅಂಶವೇ ಹತ್ತಿಯ ನೂಲಿಗೆ ಅಂಟಿಕೊಳ್ಳುತ್ತದೆ. ಪಟಿಕದ ನೀರಿನಲ್ಲಿ ಹಾಯಿಸಿದರೆ ಒಂದು ಛಾಯೆ, ಕಬ್ಬಿಣದ ಅಂಶ ಸೇರಿಸಿದರೆ ಕಪ್ಪಿನತ್ತ ವಾಲುವ ಇನ್ನೊಂದು ಛಾಯೆ. ದಾಳಿಂಬೆ ಸಿಪ್ಪೆ, ನೀಲಿ ಗಿಡಗಳೂ ಸಹಜ ಬಣ್ಣದ ಬಳಗದಲ್ಲಿವೆ. ಅಡಿಕೆ ಕೊಯ್ಲು ನಡೆಯುವ ಚಳಿಗಾಲದಲ್ಲಿ ಹೋದರೆ ಸಾಗರದ ಸುತ್ತಲಿನ ಮನೆಗಳ ಅಂಗಳದಲ್ಲಿ ಚೊಗರು ಹುಟ್ಟುವುದನ್ನೂ, ಆಮೇಲೆ ಅದು ನೂಲಿಗೆ ಹತ್ತುವುದನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದು. ಚರಕ ದುಡಿಮೆಯ ಜಾಗವಾದ್ದರಿಂದ ಮೊದಲೇ ವಿಚಾರಿಸಿ, ಅನುಮತಿ ಪಡೆದು ಹೋಗಿ. ಕೊಂಡ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿಯೇ ಒಗೆದು ನೆರಳಿನಲ್ಲಿ ಒಣಗಿಸಿ.

ಪ್ರಶ್ನೆ: ಅಷ್ಟು ದೂರ ಹೋಗಿ ಜೋಗ ನೋಡದೆ ಬರುವುದೇ?
– ವರ್ತಕರು, ಚಿತ್ರದುರ್ಗ

ಉತ್ತರ: ಸಾಗರದಿಂದ ಜೋಗಕ್ಕೆ ಮೂವತ್ತು ಕಿಲೋಮೀಟರ್. ನೋಡಿ ಬನ್ನಿ, ಆದರೆ ಅದಕ್ಕೆ ನಾಲ್ಕನೆಯ ದಿನವನ್ನು ಸೇರಿಸಿಕೊಳ್ಳಿ. ಹಾಗೆ ಸೇರಿಸಿಕೊಳ್ಳುವುದಾದರೆ ಜೋಗಕ್ಕಿಂತ ಮುಂದೆ ಶಿರಸಿಯ ಮಾರಿಕಾಂಬಾ ದೇವಾಲಯಕ್ಕೂ ಹೋಗಬಹುದು. ಅಲ್ಲಿನ ಗೋಡೆಗಳ ಮೇಲೆ ಕರಾವಳಿಯ ಕಾವಿ ಕಲೆಯ ಚಿತ್ರಗಳಿವೆ. ಹಸಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಆರುವ ಮುನ್ನ ಮೊನಚು ಸಲಾಕೆಯಿಂದ ಕೆರೆದು ತಳದ ಬಿಳುಪನ್ನು ಹೊರತೆಗೆಯುವ ವಿಧಾನ ಅದು. ಚಿತ್ತಾರದಲ್ಲಿ ಕೆಂಪಿನ ಮೇಲೆ ಬಿಳುಪನ್ನು ಸೇರಿಸುತ್ತಾರೆ, ಕಾವಿಯಲ್ಲಿ ಕೆಂಪನ್ನು ತೆಗೆದು ಬಿಳುಪನ್ನು ಕಾಣಿಸುತ್ತಾರೆ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ಮನದಟ್ಟಾಗುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯ ದಿನಗಳನ್ನು ಮಾತ್ರ ಬಿಟ್ಟು ಹೋಗಿ, ಆಗ ಗೋಡೆ ನೋಡುವಷ್ಟು ಜಾಗವಿರುವುದಿಲ್ಲ.

ಪ್ರಶ್ನೆ: ನಾನು ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿನಿ. ಚಿತ್ತಾರದ ಮಾದರಿಗಳನ್ನು ಬರೆದುಕೊಂಡು ಬಂದು ಚೀಲ, ದಿಂಬಿನ ಹೊದಿಕೆಗಳ ಮೇಲೆ ಅಚ್ಚು ಹಾಕಬೇಕೆಂದಿದ್ದೇನೆ. ತಪ್ಪೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಅಭ್ಯಾಸಕ್ಕಾಗಿ ಬರೆದುಕೊಳ್ಳುವುದು ತಪ್ಪಲ್ಲ, ಬರೆದುಕೊಳ್ಳದೆ ಕಲಿಯುವ ದಾರಿಯೂ ಇಲ್ಲ. ಮಾರಾಟಕ್ಕೆ ಇಳಿಯುವಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಮಾದರಿ ಬರೆದುಕೊಟ್ಟಾಕೆಗೆ ಅದಕ್ಕಾಗಿ ಸಂಭಾವನೆ ಕೊಡಿ, ವಸ್ತುವಿನ ಮೇಲೆ ಆಕೆಯ ಮತ್ತು ಊರಿನ ಹೆಸರನ್ನು ಆಕೆ ಒಪ್ಪಿದರೆ ಅಚ್ಚು ಮಾಡಿಸಿ, ಮುಂದಿನ ಸಲ ಹೆಚ್ಚು ಮಾರಾಟವಾದರೆ ಮತ್ತೆ ಹೋಗಿ ಪಾಲು ಕೊಟ್ಟು ಬನ್ನಿ. ಹೆಣ್ಣುಗಂಡಿನ ಹಸೆಯ ನಡುಚಿತ್ರವನ್ನು ಕಾಲೊರಸಿನ ಮೇಲೆ ಹಾಕುವಂಥ ಅವಿವೇಕ ಬೇಡ. ಯಾವ ಪಟ್ಟಿಯನ್ನು ಎಲ್ಲಿ ಬಳಸಬಹುದು ಎಂದು ಆಕೆಯನ್ನೇ ಕೇಳಿದರೆ ಆಕೆ ನೇರವಾಗಿ ಹೇಳುತ್ತಾಳೆ. ಹಸಿರು, ನೇರಳೆಗಳನ್ನು ತುಂಬಿದ ಚಿತ್ತಾರಗಳು ಈಗ ಎಲ್ಲೆಡೆ ಸಿಗುತ್ತವೆ. ಕಾಗದದ ಮೇಲೆ ಹೊಸ ಬಣ್ಣ ಪ್ರಯತ್ನಿಸುವ ಹಕ್ಕು ಬರೆಯುವ ಹೆಂಗಸರಿಗೆ ಖಂಡಿತ ಇದೆ, ಆದರೆ ತಾವು ಕಲಿಯುವಾಗ ಮೊದಲ ಕೆಲವು ತಿಂಗಳು ಅಕ್ಕಿಯ ಬಿಳುಪು ಮತ್ತು ಕೆಮ್ಮಣ್ಣು ಎರಡರಲ್ಲೇ ಬರೆಯಿರಿ. ಹೋಗುವಾಗ ಚೌಕಳಿ ಹಾಕಿದ ಪುಸ್ತಕವನ್ನು ಮನೆಯಲ್ಲೇ ಬಿಟ್ಟು, ಗೆರೆಯಿಲ್ಲದ ಹಾಳೆಗಳನ್ನು ಒಯ್ಯಿರಿ.